ಮಗಳಿಗೆ ಹೆಸರು ಹುಡುಕುವವರು ಪದೇ ಪದೇ ಕೇಳುವ ಪ್ರಶ್ನೆಗಳು

ನಾನು 28 ವರ್ಷ ಪ್ರೌಢಶಾಲೆಯಲ್ಲಿ ಕನ್ನಡ ಕಲಿಸಿದವಳು. ಮೊದಲು ಗದಗದ ಕಡೆ, ಆಮೇಲೆ ಮೈಸೂರಿನ ಕಡೆ. ದಿನಾ ಬೆಳಗ್ಗೆ ಹಾಜರಿ ಕೂಗಿದ್ದೇನೆ. ಎಸ್‌ಎಸ್‌ಎಲ್‌ಸಿ ಪರೀಕ್ಷೆಗೆ ಹೆಸರು ಕಳಿಸುವ ಪಟ್ಟಿಯನ್ನು ಕೂತು ತಿದ್ದಿದ್ದೇನೆ. ಆಗಿನ ಹುಡುಗಿಯರು ಈಗ ತಾಯಂದಿರು. "ಮಿಸ್, ಮಗಳಿಗೆ ಒಂದು ಹೆಸರು ಹೇಳಿ, ದೊಡ್ಡವಳಾದ ಮೇಲೂ ಚೆನ್ನಾಗಿರಬೇಕು" ಎಂದು ಫೋನ್ ಮಾಡುತ್ತಾರೆ. ಅವರು ಕೇಳಿದ್ದನ್ನೂ ನಾನು ಹೇಳಿದ್ದನ್ನೂ ಇಲ್ಲಿ ಬರೆದಿದ್ದೇನೆ.

ಪುಟ್ಟ ಮಗುವಿಗೆ ಮುದ್ದಾದ ಹೆಸರೇ ಚೆಂದ ಅಲ್ವಾ? ದೊಡ್ಡವಳಾದ ಮೇಲಿನ ಮಾತು ಈಗಲೇ ಯಾಕೆ?

ಮುದ್ದು ಹೆಸರು ಬೇಕೇ ಬೇಕು. ಪುಟ್ಟಿ, ಚಿನ್ನಿ, ಬಂಗಾರಿ, ಅಮ್ಮು ಇಲ್ಲದ ಮನೆ ಎಲ್ಲಿದೆ? ಆದರೆ ಅದನ್ನು ಕಾಗದಕ್ಕೆ ಹಾಕಬೇಡಿ. ನಮ್ಮಲ್ಲಿ ಮೊದಲಿನಿಂದಲೂ ಮನೆಯಲ್ಲಿ ಕರೆಯುವ ಹೆಸರು ಬೇರೆ, ಹೊರಗಿನ ಹೆಸರು ಬೇರೆ. ಇದು ತುಂಬಾ ಒಳ್ಳೆಯ ಪದ್ಧತಿ. ನಿಮ್ಮ ಮುದ್ದೆಲ್ಲ ಮನೆಯ ಹೆಸರಿಗೆ ಸುರಿಯಿರಿ. ಹೊರಗಿನ ಹೆಸರನ್ನು ಅವಳಿಗಾಗಿ ಇಡಿ.

ಹೊರಗಿನ ಹೆಸರನ್ನು ಜಾಸ್ತಿ ಹೇಳುವವರು ನೀವಲ್ಲ, ಅವಳೇ. ಬ್ಯಾಂಕಿನಲ್ಲಿ, ಆಸ್ಪತ್ರೆಯಲ್ಲಿ, ಕೆಲಸ ಕೇಳಲು ಹೋದ ಕಡೆ, ಗುರುತಿಲ್ಲದವರ ಫೋನ್ ಬಂದಾಗ. "ನನ್ನ ಹೆಸರು ಇಂಥದ್ದು" ಎಂದು ಅವಳು ತಲೆ ಎತ್ತಿ ಒಂದೇ ಸಲಕ್ಕೆ ಹೇಳುವಂತಿರಬೇಕು. ನಾನು ನೋಡುವುದು ಮುಖ್ಯವಾಗಿ ಇದೊಂದನ್ನೇ.

ಹೆಸರು ಮುಂದೆ ಸರಿಹೋಗುತ್ತದೋ ಇಲ್ಲವೋ ಈಗ ಹೇಗೆ ನೋಡುವುದು?

ಜೋರಾಗಿ ಹೇಳಿ ನೋಡಿ. ಮನಸ್ಸಿನಲ್ಲಿ ಓದಿಕೊಂಡರೆ ಎಲ್ಲ ಹೆಸರೂ ಚೆಂದವೇ.

ಹಿತ್ತಿಲಿನಿಂದ "ಊಟಕ್ಕೆ ಬಾರೇ" ಎಂದು ಸೇರಿಸಿ ಕೂಗಿ. ಆಮೇಲೆ ಹೆಸರಿನ ಹಿಂದೆ ಅಕ್ಕ, ಅತ್ತೆ, ಮೇಡಂ, ಅಜ್ಜಿ ಸೇರಿಸಿ. ಮುಂದೆ ಡಾಕ್ಟರ್ ಸೇರಿಸಿ, ಪಿಎಸ್‌ಐ ಸೇರಿಸಿ. ಗೌರಿ ಅಕ್ಕ, ಡಾಕ್ಟರ್ ಗೌರಿ, ಗೌರಿ ಅಜ್ಜಿ. ಎಲ್ಲೂ ತೊಡರುವುದಿಲ್ಲ. ಮೇಧಾ, ಜಾನಕಿ, ಅವನಿ, ಧೃತಿ ಕೂಡ ಹಾಗೆಯೇ ಸಾಗುತ್ತವೆ. ಬೇಬಿ, ಪಿಂಕಿ, ಸ್ವೀಟಿ ಅಜ್ಜಿ ಆಗುವಷ್ಟರಲ್ಲಿ ಸುಸ್ತಾಗುತ್ತವೆ.

ಇನ್ನೊಂದು ಕೆಲಸ ಮಾಡಿ. ಪರಿಚಯ ಇಲ್ಲದ ಒಬ್ಬರಿಗೆ ಫೋನಿನಲ್ಲಿ ಆ ಹೆಸರು ಹೇಳಿ ಬರೆದುಕೊಳ್ಳಲು ಹೇಳಿ. ಗ್ಯಾಸ್ ಬುಕ್ ಮಾಡುವಾಗ ಆದರೂ ಸರಿ. "ಏನಂದ್ರಿ?" ಎಂದು ಮೂರು ಸಲ ಕೇಳಿದರೆ ನಿಮ್ಮ ಮಗಳಿಗೂ ಜೀವನವಿಡೀ ಅದೇ ಪ್ರಶ್ನೆ ಬರುತ್ತದೆ.

ಅಜ್ಜಿಯ ಹೆಸರು ಇಡಬೇಕು ಎಂದು ಮನೆಯಲ್ಲಿ ಹಟ. ಹಳೇ ಕಾಲದ್ದು ಅನಿಸುತ್ತದೆ. ಏನು ಮಾಡೋದು?

ನನಗೆ ಈ ಪ್ರಶ್ನೆ ಬಂದರೆ ಖುಷಿ. ಹಳೆಯ ಹೆಸರು ಬೆಳೆದ ಹೆಂಗಸಿಗೆ ಹೊಂದುತ್ತದೆ ಎಂಬುದು ಆಗಲೇ ಗೊತ್ತಾಗಿದೆ, ಯಾಕೆಂದರೆ ನಿಮ್ಮ ಅಜ್ಜಿ ಅದನ್ನು ಬಾಳಿ ತೋರಿಸಿದ್ದಾರೆ. ಹಳ್ಳಿ ಹೆಸರು ಎಂದು ಮುಖ ಸಿಂಡರಿಸುವವರಿಗೆ ನಾನು ಸಾಲುಮರದ ತಿಮ್ಮಕ್ಕನವರನ್ನು ನೆನಪಿಸುತ್ತೇನೆ. 2019ರಲ್ಲಿ ರಾಷ್ಟ್ರಪತಿ ಭವನದಲ್ಲಿ ಪದ್ಮಶ್ರೀಗೆ ಕರೆದಾಗ ಕೂಗಿದ ಹೆಸರು ತಿಮ್ಮಕ್ಕ.

ಹಳೆಯ ಹೆಸರುಗಳ ಕೊನೆಯ ಅಮ್ಮ, ಅವ್ವ, ಅಕ್ಕ ಎಲ್ಲ ಗೌರವಕ್ಕೆ ಸೇರಿದವು. ಅದನ್ನು ಬಿಡಿಸಿದರೆ ಒಳಗೆ ಪುಟ್ಟ ಹೆಸರು ಇರುತ್ತದೆ. ಗೌರಮ್ಮನಲ್ಲಿ ಗೌರಿ, ಗಂಗಮ್ಮನಲ್ಲಿ ಗಂಗಾ, ವೆಂಕಟಲಕ್ಷ್ಮಮ್ಮನಲ್ಲಿ ಲಕ್ಷ್ಮಿ, ಸಾವಿತ್ರಮ್ಮನಲ್ಲಿ ಸಾವಿತ್ರಿ. ಅಜ್ಜಿಯ ಹೆಸರೂ ಉಳಿಯಿತು, ಮಗುವಿಗೂ ಹಗುರಾಯಿತು. ವಯಸ್ಸಾದ ಮೇಲೆ ಊರಿನವರೇ ಪ್ರೀತಿಯಿಂದ ಅಮ್ಮ ಸೇರಿಸುತ್ತಾರೆ. ಕರೆಯುವ ಹೆಸರೂ ಜೊತೆಗೇ ಬರುತ್ತದೆ: ರುಕ್ಮಿಣಿ ರುಕ್ಕು ಆಗುತ್ತಾಳೆ, ಸರಸ್ವತಿ ಸರಸು, ಪಾರ್ವತಿ ಪಾರು, ಜಾನಕಿ ಜಾನು.

ಒಂದು ಕಷ್ಟ ಇದೆ. ಬಹಳ ಮನೆಗಳಲ್ಲಿ ಸೊಸೆ ಅತ್ತೆಯ ಹೆಸರು ಹಿಡಿದು ಕರೆಯುವುದಿಲ್ಲ. ಮಗಳಿಗೆ ಅದೇ ಹೆಸರಿಟ್ಟರೆ ಗದರುವಾಗ ಬಾಯಿಗೆ ಬರುವುದಿಲ್ಲ! ಅದಕ್ಕೇ ಅಂಥ ಮನೆಗಳಲ್ಲಿ ಮಗು ಕಾಗದದಲ್ಲಿ ಅಜ್ಜಿ, ಮನೆಯಲ್ಲಿ ಪುಟ್ಟಿ. ಅದೂ ಒಳ್ಳೆಯದೇ.

ನಕ್ಷತ್ರದ ಅಕ್ಷರದಿಂದಲೇ ಹೆಸರು ಶುರುವಾಗಬೇಕಾ?

ನಿಮ್ಮ ಮನೆಯ ನಂಬಿಕೆ ಬಿಡಿ ಎಂದು ನಾನು ಹೇಳುವುದಿಲ್ಲ. ಆದರೆ ಲೆಕ್ಕ ತಿಳಿದುಕೊಳ್ಳಿ. 27 ನಕ್ಷತ್ರ, ಒಂದೊಂದಕ್ಕೆ 4 ಪಾದ, ಒಟ್ಟು 108 ಅಕ್ಷರ. ಅಶ್ವಿನಿಗೆ ಚು, ಚೆ, ಚೋ, ಲ. ಮಘೆಗೆ ಮ, ಮಿ, ಮು, ಮೆ. ಮಘೆಯಲ್ಲಿ ಹುಟ್ಟಿದರೆ ಹೆಸರಿಗೆ ಬರವಿಲ್ಲ. ಆದರೆ ಆರಿದ್ರಾಕ್ಕೆ ಬರುವುದು ಕು, ಘ, ಙ, ಛ. ಉತ್ತರಾಭಾದ್ರಕ್ಕೆ ದು, ಥ, ಝ, ಞ. ಙ ಅಕ್ಷರದಿಂದ ಯಾವ ಹುಡುಗಿಗೆ ಹೆಸರಿಡಲು ಆಗುತ್ತದೆ?

ಹಿರಿಯರಿಗೆ ಇದು ಗೊತ್ತಿತ್ತು. ಅದಕ್ಕೇ ಜನ್ಮನಾಮ ಬೇರೆ, ವ್ಯವಹಾರದ ಹೆಸರು ಬೇರೆ ಎಂದು ಇಟ್ಟುಕೊಂಡರು. ಜನ್ಮನಾಮ ಜಾತಕದಲ್ಲಿ, ಪೂಜೆಯ ಸಂಕಲ್ಪದಲ್ಲಿ ಇರಲಿ. ತೊಟ್ಟಿಲಲ್ಲಿ ಹಾಕಿದ ದಿನ ಅದನ್ನು ಮಗುವಿನ ಕಿವಿಯಲ್ಲಿ ಹೇಳಿ. ಶಾಲೆಗೆ ಕೊಡುವ ಹೆಸರನ್ನು ಬೇರೆ ಆರಿಸಿದರೆ ಸಂಪ್ರದಾಯ ಮುರಿದ ಹಾಗಲ್ಲ. ಪುರೋಹಿತರನ್ನು ಕೇಳಿ ನೋಡಿ, ಬಹಳ ಜನ ಇದನ್ನೇ ಹೇಳುತ್ತಾರೆ.

ಇಂಟರ್‌ನೆಟ್ಟಿನಲ್ಲಿ ಹೊಸ ಹೊಸ ಹೆಸರು, ಪಕ್ಕದಲ್ಲಿ ಒಳ್ಳೊಳ್ಳೆ ಅರ್ಥ. ನಂಬಬಹುದಾ?

ಸುಮ್ನೆ ನಂಬಬೇಡಿ. ದಯವಿಟ್ಟು ನಿಘಂಟು ತೆಗೆದು ನೋಡಿ. ನನಗೆ ನಿಜವಾಗಿ ಸಂಕಟ ಆಗುವುದು ಇಲ್ಲೇ. ಯಾವ ಹೆಸರಿಗೆ ಬೇಕಾದರೂ ಲಕ್ಷ್ಮಿ, ದುರ್ಗೆ, ದೇವರ ಉಡುಗೊರೆ ಎಂದು ಬರೆದುಬಿಟ್ಟಿರುತ್ತಾರೆ.

ಒಂದು ಉದಾಹರಣೆ. ಅನಯ ಎಂಬ ಹೆಸರು ಈಗ ತುಂಬಾ ಕೇಳುತ್ತದೆ. ಕಿವಿಗೆ ಇಂಪು. ಸಂಸ್ಕೃತದಲ್ಲಿ ನಯ ಎಂದರೆ ನೀತಿ, ಒಳ್ಳೆಯ ನಡತೆ. ಅನಯ ಎಂದರೆ ಅದು ಇಲ್ಲದಿರುವುದು, ಅನ್ಯಾಯ, ಕೆಟ್ಟ ಗತಿ. ಬೇರೆ ಭಾಷೆಗಳಲ್ಲಿ ಆ ದನಿಗೆ ಬೇರೆ ಅರ್ಥ ಇರಬಹುದು. ಆದರೆ ಮಗಳು ಕಾಲೇಜಿನಲ್ಲಿ ಸಂಸ್ಕೃತ ತೆಗೆದುಕೊಂಡ ದಿನ ಮನೆಗೆ ಬಂದು ನಿಮ್ಮನ್ನು ಕೇಳುತ್ತಾಳೆ. ಹಾಗೆಯೇ ಅನೀಕ ಎಂದರೆ ಸೈನ್ಯ. ಮಾನ್ವಿ ಎಂದರೆ ರಾಯಚೂರು ಜಿಲ್ಲೆಯ ಊರು ಎಂದು ಆ ಕಡೆಯವರೆಲ್ಲ ಹೇಳುತ್ತಾರೆ. ಪರಿ ಹಿಂದಿಯಲ್ಲಿ ಗಂಧರ್ವ ಕನ್ಯೆಯಂಥವಳು, ಕನ್ನಡದಲ್ಲಿ ರೀತಿ, ಬಗೆ.

ಹೊಸ ಹೆಸರಲ್ಲೂ ಗಟ್ಟಿಯಾದವು ಇವೆ. ತನ್ವಿ ಎಂದರೆ ಸಪೂರದವಳು. ಚಾರ್ವಿ ಎಂದರೆ ಚೆಲುವೆ. ಅವನಿ ಎಂದರೆ ಭೂಮಿ. ಧೃತಿ ಎಂದರೆ ಧೈರ್ಯ, ಗಟ್ಟಿ ಮನಸ್ಸು. ವಿಭಾ ಎಂದರೆ ಬೆಳಕು. ಇವುಗಳಲ್ಲಿ ನನಗೆ ಧೃತಿ, ಅವನಿ ಜಾಸ್ತಿ ಇಷ್ಟ. ರೂಪ ಹೇಳುವ ಹೆಸರಿಗಿಂತ ಗುಣ ಹೇಳುವ ಹೆಸರು ಐವತ್ತರಲ್ಲೂ ಮೈಗೆ ಹೊಂದಿಕೊಂಡಿರುತ್ತದೆ.

ಅಚ್ಚ ಕನ್ನಡದ ಹೆಸರು ಇಡಬಹುದಾ? ಮದುವೆ, ಕೆಲಸ ಎಂದು ಬೇರೆ ಊರಿಗೆ ಹೋದರೆ?

ಇಡಿ. ಸಿರಿ, ಇಂಚರ, ಇಬ್ಬನಿ, ಒಲವು, ಬೆಳ್ಳಿ, ಮಲ್ಲಿಗೆ, ಸಂಪಿಗೆ ಎಲ್ಲ ಕಿವಿಗೆ ಹಿತ. ಇದು ಈಗಿನವರ ಹುಚ್ಚು ಎಂದುಕೊಳ್ಳಬೇಡಿ. ಮೈಸೂರಿನ ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಅರಮನೆಯಲ್ಲಿದ್ದು ಕಾವ್ಯ ಬರೆದ ಹೆಂಗಸು ಹೊನ್ನಮ್ಮ. ಹೊನ್ನು ಎಂದರೆ ಬಂಗಾರ, ಅಷ್ಟೇ. ಕಿತ್ತೂರಿನ ಚೆನ್ನಮ್ಮ, ಚಿತ್ರದುರ್ಗದ ಓಬವ್ವ, ಉಳ್ಳಾಲದ ಅಬ್ಬಕ್ಕ. ಇವನ್ನು ಹಗುರವಾಗಿ ಹೇಳಲು ಯಾರಿಗೂ ಬಾಯಿ ಬರುವುದಿಲ್ಲ.

ಸಿರಿ ಬಗ್ಗೆ ಒಂದು ಮಾತು. ತುಳುನಾಡಿನಲ್ಲಿ ಅದು ದೊಡ್ಡ ಹೆಸರು. ಅವಳ ಕತೆ ಹೇಳುವ ಪಾಡ್ದನ ಎಂಬ ಹಾಡು ಇದೆ, ಅವಳ ಹೆಸರಲ್ಲಿ ಜಾತ್ರೆ ನಡೆಯುತ್ತದೆ. ಆದರೆ 2011ರಿಂದ ಆ್ಯಪಲ್ ಫೋನಿನೊಳಗೂ ಒಬ್ಬಳು ಸಿರಿ ಇದ್ದಾಳೆ. ಮಗಳನ್ನು ಕರೆದರೆ ಫೋನ್ ಓಗೊಡುತ್ತದೆ. ಹೊರದೇಶದಲ್ಲಿರುವ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಇದೇ ಕಾರಣಕ್ಕೆ ಸಿರಿಗೌರಿ ಎಂದು ಸೇರಿಸಿ ಇಟ್ಟಳು. ಒಳ್ಳೆಯ ಉಪಾಯ.

ನದಿಗಳ ಹೆಸರನ್ನೂ ನೋಡಿ. ಕಾವೇರಿ, ತುಂಗಾ, ಹೇಮಾವತಿ, ಶರಾವತಿ, ನೇತ್ರಾವತಿ, ಕಪಿಲಾ. ಊರನ್ನು ಜೊತೆಗೆ ಒಯ್ದ ಹಾಗೆ. ದೆಹಲಿಯಲ್ಲಿದ್ದರೂ ಕಾವೇರಿ ಎಂದರೆ ಎಲ್ಲಿಯವಳು ಎಂದು ಗೊತ್ತಾಗುತ್ತದೆ.

ಇಂಗ್ಲಿಷ್ ಸ್ಪೆಲಿಂಗ್ ಹೇಗೆ ಬರೆಸಬೇಕು?

ಹೆಸರು ಆರಿಸಲು ತಿಂಗಳು ತೆಗೆದುಕೊಳ್ಳುತ್ತೀರಿ. ಸ್ಪೆಲಿಂಗ್ ಮಾತ್ರ ಆಸ್ಪತ್ರೆಯ ಕೌಂಟರಿನಲ್ಲಿ ನಿಂತು ಎರಡು ನಿಮಿಷದಲ್ಲಿ ಬರೆಸುತ್ತೀರಿ. ನಾನೂ ಹಾಗೇ ಮಾಡಿ ನೊಂದಿದ್ದೇನೆ. ನನ್ನ ಮಗಳ ಜನನ ಪ್ರಮಾಣಪತ್ರದಲ್ಲಿ ಒಂದು ಎಚ್ ಜಾಸ್ತಿ, ಶಾಲೆಯ ದಾಖಲೆಯಲ್ಲಿ ಅದು ಇಲ್ಲ. ಆ ಒಂದು ಅಕ್ಷರಕ್ಕಾಗಿ ಅವಳು ಕೆಲಸಕ್ಕೆ ಸೇರುವ ವರ್ಷ ಮೂರು ತಿಂಗಳು ಓಡಾಡಿದಳು.

ನಮ್ಮ ಕಡೆ ತ ಅಕ್ಷರಕ್ಕೆ ಟಿ ಮತ್ತು ಎಚ್ ಹಾಕುತ್ತೇವೆ. ಉತ್ತರದವರು ಬರೀ ಟಿ ಹಾಕುತ್ತಾರೆ. ನಮ್ಮ ಕವಿತಾ ಉತ್ತರದವರ ಕಣ್ಣಿಗೆ ಕವಿಥಾ. ಕೃ ಅಕ್ಷರವನ್ನು ನಾವು ಕ್ರು ಎನ್ನುತ್ತೇವೆ, ಹಿಂದಿಯವರು ಕ್ರಿ ಎನ್ನುತ್ತಾರೆ. ಜ್ಞ ಇನ್ನೂ ಕಷ್ಟ: ನಮಗೆ ಪ್ರಗ್ನ್ಯಾ, ಹಿಂದಿಯವರಿಗೆ ಪ್ರಗ್ಯಾ, ಮರಾಠಿಯವರಿಗೆ ಪ್ರದ್ನ್ಯಾ. ಮಂಗಳಾ ಗಡಿ ದಾಟಿದರೆ ಮಂಗಲಾ. ಕೊನೆಯ ಅ ಕೂಡ ಉತ್ತರದಲ್ಲಿ ಉದುರಿಹೋಗುತ್ತದೆ. ನಮ್ಮ ಅಪೂರ್ವ ಅಲ್ಲಿ ಅಪೂರ್ವ್, ಅದು ಹುಡುಗನ ಹೆಸರು.

ಇದಕ್ಕೆ ಹೆದರಿ ಒಳ್ಳೆಯ ಹೆಸರು ಬಿಡಬೇಕಿಲ್ಲ. ಒಂದೇ ಸ್ಪೆಲಿಂಗ್ ಗಟ್ಟಿ ಮಾಡಿಕೊಳ್ಳಿ. ಚೀಟಿಯಲ್ಲಿ ದೊಡ್ಡ ಅಕ್ಷರದಲ್ಲಿ ಬರೆದು ಜೇಬಿನಲ್ಲಿಟ್ಟುಕೊಂಡು ಹೋಗಿ. ಕನ್ನಡದಲ್ಲೂ ಬರೆದುಕೊಳ್ಳಿ. ನಮ್ಮ ಪ್ರಮಾಣಪತ್ರದಲ್ಲಿ ಎರಡೂ ಇರುತ್ತವೆ, ತಪ್ಪು ಎರಡರಲ್ಲೂ ಆಗುತ್ತದೆ.

ಮಗಳು ಹೊರದೇಶದಲ್ಲಿ ಬೆಳೆಯುವುದಾದರೆ ಮೀರಾ, ತಾರಾ, ಮಾಯಾ, ಲೀಲಾ ಥರದವು ಎಲ್ಲರ ಬಾಯಲ್ಲೂ ನಿಲ್ಲುತ್ತವೆ, ಇಲ್ಲಿನ ಅಜ್ಜಿಗೂ ಹತ್ತಿರ.

ಸಂಖ್ಯಾಶಾಸ್ತ್ರದವರು ಒಂದು ಎ ಸೇರಿಸಿ ಎಂದರು. ಸೇರಿಸಲಾ?

ಬೇಡ. ಆ ಎ ಯಾಕಿದೆ ಎಂದು ಅವಳು ಪ್ರತಿ ಕಚೇರಿಯಲ್ಲೂ ಹೇಳಬೇಕಾಗುತ್ತದೆ.

ಎಲ್ಲರೂ ಇಡುವ ಹೆಸರು ಬೇಡ. ಒಬ್ಬರಿಗೂ ಇರದ ಹೆಸರು ಬೇಕು. ತಪ್ಪಾ?

ತಪ್ಪಲ್ಲ, ಆದರೆ ಅತಿ ಆಗಬಾರದು. ಗದಗದ ಕಡೆ ಇದ್ದಾಗ ನನ್ನ ಒಂದೇ ತರಗತಿಯಲ್ಲಿ ಕಾವ್ಯ, ದಿವ್ಯ, ಸೌಮ್ಯ, ರಮ್ಯ, ಭವ್ಯ ಎಲ್ಲರೂ ಇದ್ದರು, ಕೆಲವರು ಎರಡೆರಡು. ಮಂಗಳೂರಿನಲ್ಲಿ ಹುಟ್ಟಿದ ಐಶ್ವರ್ಯಾ ರೈ 1994ರಲ್ಲಿ ವಿಶ್ವಸುಂದರಿಯಾದರು. ಅದಾದ ಮೇಲೆ ಹುಟ್ಟಿದ ಐಶ್ವರ್ಯರೆಲ್ಲ ಎಂಟನೇ ತರಗತಿಗೆ ಬಂದಾಗ ನನ್ನ ಹಾಜರಿ ಪುಸ್ತಕದಲ್ಲಿ ಐಶ್ವರ್ಯ ಎಂ., ಐಶ್ವರ್ಯ ಎಸ್., ಐಶ್ವರ್ಯ ಎಚ್.ಕೆ. ಒಬ್ಬರಿಗೊಬ್ಬರು ಅಂಟಿಕೊಂಡಿದ್ದರು. ಅವರನ್ನು ಇನಿಷಿಯಲ್ ಹಿಡಿದು ಕರೆಯುತ್ತಿದ್ದೆ. ಅದು ಮಕ್ಕಳಿಗೆ ಇಷ್ಟ ಆಗುತ್ತಿರಲಿಲ್ಲ.

ಸಿನಿಮಾ, ಧಾರಾವಾಹಿಯಿಂದ ಬಂದ ಹೆಸರಿಗೆ ವರ್ಷದ ಮುದ್ರೆ ಬೀಳುತ್ತದೆ. ಹೆಸರು ಕೇಳಿದರೆ ಹುಟ್ಟಿದ ವರ್ಷ ಗೊತ್ತಾಗುತ್ತದೆ. ಆದರೆ ಯಾರೂ ಕೇಳಿರದ ಹೆಸರಿಗೆ ಬೇರೆ ಕಷ್ಟ. ನಾನು ಹೇಳುವುದು ನಡುವಿನ ದಾರಿ: ಎಲ್ಲರೂ ಕೇಳಿರಬೇಕು, ಆದರೆ ಆ ಬೀದಿಯಲ್ಲಿ ಇನ್ನೊಬ್ಬಳು ಇರಬಾರದು. ಮಹಾದೇವಿ ನೋಡಿ. 12ನೇ ಶತಮಾನದಲ್ಲಿ ಉಡುತಡಿಯ ಅಕ್ಕನಿಗೆ ಇದ್ದ ಹೆಸರು. ಎಲ್ಲರಿಗೂ ಗೊತ್ತು, ಈಗ ಇಡುವವರು ಕಡಿಮೆ. ಶಾಂತಲಾ, ವೈದೇಹಿ, ಮೈಥಿಲಿ, ಅತ್ತಿಮಬ್ಬೆ ಕೂಡ ಹಾಗೆಯೇ. ಅತ್ತಿಮಬ್ಬೆ ಇಡಲು ಧೈರ್ಯ ಬೇಕು. ಇಟ್ಟವರು ಸಿಕ್ಕರೆ ಕೈಮುಗಿಯುತ್ತೇನೆ.

ಇನಿಷಿಯಲ್ ಸಾಕಾ? ಮನೆತನದ ಹೆಸರು ಸೇರಿಸಬೇಕಾ?

ಇದು ಊರಿನಿಂದ ಊರಿಗೆ ಬೇರೆ. ಬೆಳಗಾವಿ, ಧಾರವಾಡದ ಕಡೆ ಅಡ್ಡಹೆಸರು ಇದ್ದೇ ಇರುತ್ತದೆ: ಪಾಟೀಲ, ಹಿರೇಮಠ, ಕುಲಕರ್ಣಿ, ಮೆಣಸಿನಕಾಯಿ. ಕರಾವಳಿಯಲ್ಲಿ ಶೆಟ್ಟಿ, ರೈ, ಭಟ್, ಪೂಜಾರಿ. ಕೊಡಗಿನಲ್ಲಿ ಮನೆ ಹೆಸರೇ ಮೊದಲು ಬರುತ್ತದೆ. ಕಷ್ಟ ಆಗುವುದು ಹಳೇ ಮೈಸೂರಿನ ಕಡೆಯವರಿಗೆ. ನಮ್ಮಲ್ಲಿ ಊರಿನದ್ದೊಂದು, ಅಪ್ಪನದ್ದೊಂದು ಅಕ್ಷರ ಹಾಕಿ ಮುಗಿಸುತ್ತೇವೆ.

ಪಾಸ್‌ಪೋರ್ಟಿಗೆ ಹೋದಾಗ ಆ ಅಕ್ಷರಗಳನ್ನು ಬಿಡಿಸಿ ಬರೆಯಬೇಕು. ಕೆ.ಆರ್. ಎಂದರೆ ಊರು ಯಾವುದು, ಅಪ್ಪ ಯಾರು ಎಂದು ಪೂರ್ತಿ. ಒಂದೇ ಹೆಸರಿನ ಪಾಸ್‌ಪೋರ್ಟ್ ಆದರೂ ತೊಂದರೆ ಇದೆ. ಅಮೆರಿಕದ ವೀಸಾದಲ್ಲಿ ಆ ಹೆಸರು ಮನೆತನದ ಜಾಗಕ್ಕೆ ಹೋಗಿ, ಅವಳ ಸ್ವಂತ ಹೆಸರಿನ ಜಾಗದಲ್ಲಿ ಎಫ್‌ಎನ್‌ಯು ಎಂದು ಬರುತ್ತದೆ. ಮೊದಲ ಹೆಸರು ಗೊತ್ತಿಲ್ಲ ಎಂದು ಅದರ ಅರ್ಥ. ಯುಎಇ 2022ರ ನವೆಂಬರಿನಲ್ಲಿ ಒಂದೇ ಹೆಸರಿನ ಪಾಸ್‌ಪೋರ್ಟಿಗೆ ಪ್ರವಾಸಿ ವೀಸಾದಲ್ಲಿ ಪ್ರವೇಶ ಇಲ್ಲ ಎಂದಿತು. ಎರಡನೇ ಪುಟದಲ್ಲಿ ಅಪ್ಪನ ಅಥವಾ ಮನೆತನದ ಹೆಸರಿದ್ದರೆ ನಡೆಯುತ್ತದೆ ಎಂದು ಆಮೇಲೆ ಹೇಳಿತು.

ಅದಕ್ಕೇ ಮಗು ಹುಟ್ಟಿದಾಗಲೇ ಎರಡು ಭಾಗ ಇಡಿ. ಎರಡನೆಯದು ಅಪ್ಪನ ಹೆಸರೇ ಆಗಬೇಕೆಂದಿಲ್ಲ. ಅಮ್ಮನ ಹೆಸರು, ಊರಿನ ಹೆಸರು, ಅಜ್ಜಿಯ ಹೆಸರು ಏನಾದರೂ ಆಗಬಹುದು. ಕಾವೇರಿ ಎಂದು ಇಟ್ಟು ಹಿಂದೆ ಅಮ್ಮನ ಹೆಸರು ಹಾಕಿದವರನ್ನು ನೋಡಿದ್ದೇನೆ. ಬಹಳ ಚೆಂದ ಕಾಣುತ್ತದೆ.

ಮದುವೆ ಆದ ಮೇಲೆ ಹೆಸರು ಬದಲಾಗುತ್ತದಲ್ಲ, ಈಗಲೇ ಯಾಕಿಷ್ಟು ಯೋಚನೆ?

ಬದಲಾಗಬೇಕೆಂದು ಕಾನೂನಿಲ್ಲ. ಮೊದಲು ಹಲವು ಮನೆಗಳಲ್ಲಿ ಮದುವೆಯ ದಿನ ಅಕ್ಕಿಯಲ್ಲಿ ಹೊಸ ಹೆಸರು ಬರೆಸಿ ಹುಡುಗಿಯ ಹಳೆಯ ಹೆಸರನ್ನೇ ತೆಗೆದುಬಿಡುತ್ತಿದ್ದರು. ಕುಂದಾಪುರದಲ್ಲಿ ಹುಟ್ಟಿದ ವಸಂತಿ ಮದುವೆಯಾಗಿ ಜಾನಕಿ ಆದರು, ಬರೆಯುವಾಗ ವೈದೇಹಿ ಆದರು. ನಮ್ಮ ನಾಡು ಅವರನ್ನು ಮೂರನೆಯ ಹೆಸರಿನಿಂದ ತಿಳಿದಿದೆ. ಈಗ ಹುಟ್ಟುವ ಮಗಳು ನೀವಿಟ್ಟ ಹೆಸರಲ್ಲೇ ಓದಿ, ಸಹಿ ಮಾಡಿ, ಮನೆ ಕೊಂಡು ಬಾಳುವವಳು. ಆದ್ದರಿಂದಲೇ ಇಷ್ಟು ಯೋಚನೆ.

ನಮ್ಮದು ಮುಸ್ಲಿಂ ಮನೆ. ಇದೆಲ್ಲ ನಮಗೂ ಹೊಂದುತ್ತದಾ?

ಖಂಡಿತ. ಏಳನೇ ದಿನ ಅಖೀಖಾ ಮಾಡಿ ಹೆಸರಿಡುವಾಗಲೂ ಸ್ಪೆಲಿಂಗಿನ ಕಷ್ಟ ಇದೇ, ಇನ್ನೂ ಜಾಸ್ತಿ. ಆಯಿಷಾ, ಫಾತಿಮಾ, ಜೈನಬ್ ಒಂದೊಂದನ್ನೂ ಇಂಗ್ಲಿಷಿನಲ್ಲಿ ನಾಲ್ಕೈದು ಥರ ಬರೆಯುತ್ತಾರೆ. ಜೊತೆಗೆ ಬೇಗಂ, ಬಾನು, ಬೀ ಎಂಬುದು ಒಂದು ದಾಖಲೆಯಲ್ಲಿ ಇದ್ದು ಇನ್ನೊಂದರಲ್ಲಿ ಬಿಟ್ಟುಹೋಗುತ್ತದೆ. ಅದು ಹೆಸರಿನ ಭಾಗವೋ ಅಲ್ಲವೋ ಮೊದಲೇ ತೀರ್ಮಾನ ಮಾಡಿ. ಕ್ರೈಸ್ತ ಮನೆಗಳಲ್ಲಿ ದೀಕ್ಷಾಸ್ನಾನದ ಹೆಸರು, ಕರೆಯುವ ಹೆಸರು, ಶಾಲೆಯ ಹೆಸರು ಮೂರೂ ಬೇರೆಯಾಗಿರುವುದನ್ನು ಕಂಡಿದ್ದೇನೆ. ಶಾಲೆಗೆ ಯಾವುದು ಎಂಬುದು ಮೊದಲ ದಿನವೇ ಗೊತ್ತಿರಲಿ.

ನೋಂದಣಿಗೆ ಎಷ್ಟು ಸಮಯ ಇದೆ? ಹೆಸರು ಇನ್ನೂ ತೀರ್ಮಾನ ಆಗಿಲ್ಲ.

ಅವಸರ ಬೇಡ. ಜನನವನ್ನು 21 ದಿನದೊಳಗೆ ನೋಂದಾಯಿಸಬೇಕು. ಆದರೆ ಹೆಸರಿಲ್ಲದೆಯೂ ನೋಂದಾಯಿಸಬಹುದು. 12 ತಿಂಗಳೊಳಗೆ ಹೆಸರು ಕೊಟ್ಟರೆ ಶುಲ್ಕ ಇಲ್ಲ. ಆಮೇಲೆ 15 ವರ್ಷದವರೆಗೂ ತಡವಾದ ಶುಲ್ಕ ಕಟ್ಟಿ ಸೇರಿಸಬಹುದು. ಹಾಗೆಂದು ಅಲ್ಲಿವರೆಗೆ ಬಿಡಬೇಡಿ. 2023ರ ಅಕ್ಟೋಬರ್ 1ರಿಂದ ಹುಟ್ಟಿದ ಮಕ್ಕಳಿಗೆ ಶಾಲೆ ಸೇರಲು, ಆಧಾರ್‌ಗೆ, ಡ್ರೈವಿಂಗ್ ಲೈಸೆನ್ಸಿಗೆ, ಮತದಾರರ ಪಟ್ಟಿಗೆ ಹುಟ್ಟಿದ ದಿನದ ಪುರಾವೆ ಎಂದರೆ ಜನನ ಪ್ರಮಾಣಪತ್ರವೇ. ಮುಂದಿನ ಕಾಗದಗಳಲ್ಲಿ ಹೆಸರು ಇದರಿಂದಲೇ ಇಳಿದು ಬರುತ್ತದೆ.

ಸೋದರತ್ತೆ ಒಂದು ಹೆಸರು, ತವರಿನವರು ಒಂದು ಹೆಸರು. ಜಗಳ ಆಗುತ್ತಿದೆ.

ತೊಟ್ಟಿಲ ಶಾಸ್ತ್ರದಲ್ಲಿ ಎಲ್ಲರಿಗೂ ಜಾಗ ಇದೆ. ಉತ್ತರ ಕರ್ನಾಟಕದ ಕಡೆ ಸೋದರತ್ತೆಯೇ ಮಗುವಿನ ಕಿವಿಯಲ್ಲಿ ಹೆಸರು ಹೇಳುತ್ತಾಳೆ. ಹೇಳಲಿ. ತವರಿನವರ ಹೆಸರನ್ನೂ ಅವರು ಹೇಳಲಿ, ಮನೆದೇವರ ಹೆಸರನ್ನೂ ಹೇಳಲಿ. ಕಿವಿಗೆ ಎಷ್ಟು ಹೆಸರಾದರೂ ಹಿಡಿಯುತ್ತದೆ. ಪ್ರಮಾಣಪತ್ರಕ್ಕೆ ಯಾವುದು ಎಂಬುದನ್ನು ಮಾತ್ರ ಅಪ್ಪ ಅಮ್ಮ ಇಬ್ಬರೇ ಕೂತು ತೀರ್ಮಾನ ಮಾಡಿ. ಹೆತ್ತವಳ ಮಾತು ಒಂದು ಹಿಡಿ ಜಾಸ್ತಿ ತೂಗಲಿ ಎಂಬುದು ನನ್ನ ಆಸೆ.

ಇಟ್ಟ ಹೆಸರು ಸರಿಯಾಗಲಿಲ್ಲ ಎಂದು ಈಗ ಅನಿಸುತ್ತಿದೆ. ಬದಲಿಸಬಹುದಾ?

ಬದಲಿಸಬಹುದು. ಕೆಲವು ಹೆಸರನ್ನಂತೂ ಬದಲಿಸಲೇಬೇಕು. ಮೊದಲ ಮಕ್ಕಳು ಉಳಿಯದಿದ್ದಾಗ ದೃಷ್ಟಿ ತಾಗದಿರಲೆಂದು ಮಗುವನ್ನು ತಿಪ್ಪೆಯ ಮೇಲೆ ಮಲಗಿಸಿ ತಿಪ್ಪವ್ವ ಎಂದು ಇಡುತ್ತಿದ್ದರು. ಅದರ ಹಿಂದೆ ಪ್ರೀತಿ ಇತ್ತು. ಆದರೆ ಹೆಣ್ಣು ಸಾಕು ಎಂದು ಬೇಸರದಿಂದ ಇಟ್ಟ ಹೆಸರು ಬೇರೆ ಮಾತು. 2011ರಲ್ಲಿ ಮಹಾರಾಷ್ಟ್ರದ ಸಾತಾರಾ ಜಿಲ್ಲೆಯಲ್ಲಿ 285 ಹುಡುಗಿಯರಿಗೆ ಒಟ್ಟಿಗೆ ಹೊಸ ಹೆಸರು ಸಿಕ್ಕಿತು. ಅವರೆಲ್ಲರ ಹಳೆಯ ಹೆಸರಿಗೆ ಮರಾಠಿಯಲ್ಲಿ ಬೇಡವಾದವಳು ಎಂದರ್ಥ. ನನ್ನ ತರಗತಿಯಲ್ಲೂ ಅಂಥ ಅರ್ಥದ ಹೆಸರು ಹೊತ್ತ ಹುಡುಗಿ ಇದ್ದಳು, ಮನೆಯಲ್ಲಿ ನಾಲ್ಕನೆಯವಳು. ಹಾಜರಿ ಕೂಗಿದರೆ ತಲೆ ಎತ್ತುತ್ತಿರಲಿಲ್ಲ, ಕೈ ಮಾತ್ರ ಎತ್ತುತ್ತಿದ್ದಳು. ಅವಳ ಅಪ್ಪನನ್ನು ಕರೆಸಿ ಎರಡು ಸಲ ಮಾತಾಡಿದೆ. ಹೊಸ ಹೆಸರನ್ನು ಅವಳೇ ಆರಿಸಿಕೊಂಡಳು.

ನಿಮ್ಮದು ಅಷ್ಟು ದೊಡ್ಡ ಕಾರಣ ಅಲ್ಲದಿದ್ದರೂ ಬೇಗ ಮಾಡಿ. ಶಾಲೆಗೆ ಸೇರಿಸುವ ಮೊದಲಾದರೆ ಕಾಗದ ಕಡಿಮೆ. ಹತ್ತನೇ ತರಗತಿ ದಾಟಿದರೆ ಅಂಕಪಟ್ಟಿಯ ಹೆಸರೇ ಎಲ್ಲದಕ್ಕೂ ಬುಡ ಆಗಿಬಿಡುತ್ತದೆ. ಆಮೇಲೆ ಅಫಿಡವಿಟ್, ಪತ್ರಿಕೆಯಲ್ಲಿ ಜಾಹೀರಾತು, ಗೆಜೆಟ್ ಎಂದು ಓಡಾಡಬೇಕು. ಆಧಾರ್‌ನಲ್ಲಿ ಹೆಸರು ತಿದ್ದಲು ಇಡೀ ಜೀವನಕ್ಕೆ ಎರಡೇ ಅವಕಾಶ. ಶಾಲೆಯವರು ಎಸ್‌ಎಸ್‌ಎಲ್‌ಸಿಗೆ ಹೆಸರು ಕಳಿಸುವ ಮೊದಲು ನಾಮಿನಲ್ ರೋಲ್ ಎಂಬ ಹೆಸರಿನ ಪಟ್ಟಿ ತೋರಿಸಿ ಸಹಿ ಕೇಳುತ್ತಾರೆ. ಆ ದಿನ ಮಗಳ ಜೊತೆ ನೀವೇ ಹೋಗಿ. ಕನ್ನಡದಲ್ಲಿ ಒಮ್ಮೆ, ಇಂಗ್ಲಿಷಿನಲ್ಲಿ ಒಮ್ಮೆ, ಒಂದೊಂದು ಅಕ್ಷರದ ಮೇಲೂ ಬೆರಳಿಟ್ಟು ಅವಳಿಂದಲೇ ಓದಿಸಿ. ಆಮೇಲೆ ಸಹಿ ಮಾಡಿ.